ನಿಜವಾದ ಕೆಮ್ಮು

ಕೆಮ್ಮಿನ ವಿಷಯದಲ್ಲಿ ಶೇಖರ ಶೆಟ್ಟರಿಗೆ ಟೋಪಿ ಹಾಕುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಸಯನ್ ಸ್ಟೇಷನ್ನಿನ ಹತ್ತಿರ ಅವರ ಹೊಟೇಲು ನಡೆಯುತ್ತಿದ್ದ ಕಾಲದಲ್ಲಿ ರಜೆ ಬೇಕಾದವನು, ಒಲೆಯ ಮುಂದೆ ನಿಂತು ಬೇಸರ ಬಂದವನು, ಊರಿಗೆ ಹೋಗಲು ನೆವ ಹುಡುಕುವವನು, ಎಲ್ಲರೂ ಮೊದಲು ಮಾಡುತ್ತಿದ್ದ ಕೆಲಸ ಕೆಮ್ಮುವುದು. ಅದಕ್ಕೆ ಶೆಟ್ಟರು ಒಂದು ಮದ್ದು ಕಂಡುಹಿಡಿದಿದ್ದರು. ಕೆಮ್ಮುವವನನ್ನು ಒಲೆಯ ಮುಂದಿನಿಂದ ಕರೆದು, ಕೈಗೆ ಶುಂಠಿ ಕಷಾಯ ಕೊಟ್ಟು, ತಮ್ಮ ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಫ್ಯಾನಿನ ಕೆಳಗೆ ಎರಡು ದಿನ ಕೂರಿಸುವುದು. ಅಲ್ಲಿಯೂ ಕೆಮ್ಮಿದರೆ ಕಾಯಿಲೆ ನಿಜ. ಸುಖವಾಗಿ ಕೂತ ಕೂಡಲೇ ಕೆಮ್ಮು ನಿಂತುಹೋದರೆ ನಾಟಕ. ಹೊಟೇಲಿನಲ್ಲಿ ಇದಕ್ಕೆ ಗಲ್ಲಾ ಪರೀಕ್ಷೆ ಎಂದೇ ಹೆಸರಾಗಿತ್ತು.

ಪರೀಕ್ಷೆಯಲ್ಲಿ ಪಾಸಾದವರು ಕಡಿಮೆ. ದೋಸೆ ಕಾವಲಿಯ ಮುಂದೆ ವರ್ಷಗಟ್ಟಲೆ ನಿಂತಿದ್ದ ದೂಜನೂ ಗಲ್ಲಾದ ಪಕ್ಕ ಕೂತ ಮರುದಿನವೇ ಕೆಮ್ಮುವುದನ್ನು ಬಿಟ್ಟ. ಶೆಟ್ಟರು ಗಿರಾಕಿಗಳ ಎದುರಿಗೇ ಅವನಿಂದ ಕಿವಿ ಹಿಡಿಸಿ, ಮತ್ತೆ ಕಾವಲಿಯ ಮುಂದೆ ನಿಲ್ಲಿಸಿದರು. ಆಮೇಲೆ ಅವನು ಊರಿಗೆ ಹೋದವನು ತಿರುಗಿ ಬರಲಿಲ್ಲ. ಮುಖ ತೋರಿಸಲು ನಾಚಿಕೆಯಾಗಿರಬೇಕು ಎಂದು ಶೆಟ್ಟರು ಹೇಳಿಕೊಂಡು ನಗುತ್ತಿದ್ದರು.

ಹೊಟೇಲಿದ್ದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಶೆಟ್ಟರು ಮೇಜು, ಬೆಂಚು, ಗ್ರೈಂಡರು ಎಲ್ಲವನ್ನೂ ಮಾರಿದರು. ಒಲೆಯ ಮೇಲೆ ತೂಗುತ್ತಿದ್ದ ಸ್ಟೀಲಿನ ಚಿಮಣಿಯನ್ನು ಮಾತ್ರ ಮಾರಲಿಲ್ಲ. ಹೊಗೆ ಎಳೆದು ಹೊರಗೆ ಹಾಕುವ ಆ ದೊಡ್ಡ ಡಬ್ಬವನ್ನು ಟೆಂಪೋದಲ್ಲಿ ಮುಲುಂಡಿಗೆ ತಂದು, ತಮ್ಮ ನೆಲಮಹಡಿಯ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಇಟ್ಟರು. ಮಾಲೀಕತನ ಹೋದವನಿಗೆ ಮಾಲೀಕತನದ ಗುರುತಾದರೂ ಬೇಕಲ್ಲ.

ಸುಮ್ಮನೆ ಕೂರುವ ಜೀವ ಅದಲ್ಲ. ಚಿಕ್ಕಂದಿನಲ್ಲಿ ಕಲಿತ ಮರಗೆಲಸವನ್ನು ನೆನಪಿಸಿಕೊಂಡು ಅದೇ ಕೋಣೆಯಲ್ಲಿ ದೇವರ ಮಂಟಪ ಮಾಡತೊಡಗಿದರು. ಮುಂಬೈ ಫ್ಲ್ಯಾಟುಗಳ ಗೋಡೆಗೆ ಕೂರುವಂಥ ಪುಟ್ಟ ಸಾಗುವಾನಿ ಮಂಟಪ, ಎರಡು ಕಂಬ, ಒಂದು ಗೋಪುರ, ಕೆಳಗೊಂದು ಊದುಬತ್ತಿಯ ಡ್ರಾಯರು. ನಮ್ಮ ಜನಕ್ಕೆ ಇಷ್ಟವಾಯಿತು. ಬೆಳಿಗ್ಗೆ ಕೊಯ್ಯುವುದು, ಜೋಡಿಸುವುದು ಶೆಟ್ಟರ ಕೆಲಸ. ಮಧ್ಯಾಹ್ನ ಊಟ ಮಾಡಿ ಅವರು ಮಲಗಿದ ಮೇಲೆ ಅದನ್ನೆಲ್ಲ ತಿಕ್ಕಿ ನುಣುಪು ಮಾಡುವುದು ನೀಲಾವತಿಯ ಕೆಲಸ.

ನೀಲಾವತಿ ಶೆಟ್ಟರ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು. ನಮ್ಮಲ್ಲಿ ತವರಿನ ಮನೆಗೆ ತಂಗಿಯೇ ಯಜಮಾನಿ ಎಂದು ಶೆಟ್ಟರು ನಮ್ಮವರ ಸಂಘದ ವೇದಿಕೆಯಲ್ಲಿ ಮೈಕು ಹಿಡಿದು ಹೇಳುತ್ತಿದ್ದರು. ಮನೆಯಲ್ಲಿ ಆ ಯಜಮಾನಿಗೆ ಮಲಗಲು ಹಾಲಿನ ಸೋಫಾ, ತಿಕ್ಕಲು ಕೈಯಲ್ಲಿ ಹಿಡಿಯುವ ಸ್ಯಾಂಡಿಂಗ್ ಮಷಿನು. ಅವಳು ಅದಕ್ಕೂ ಗೊಣಗಿದವಳಲ್ಲ. ಅವಳಲ್ಲಿ ಜಂಬ ಪಡುವಂಥದ್ದು ಏನಾದರೂ ಇದ್ದರೆ ಅದು ಒಂದೇ: ನೀಲಾ ಸುಳ್ಳು ಹೇಳುವುದಿಲ್ಲ ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳುತ್ತಿದ್ದರು. ಅಪ್ಪ ಹೊಡೆಯಲು ಬಂದಾಗ, ನಡೆದದ್ದೇನು ಎಂದು ಮೊದಲು ಅವಳನ್ನು ಕೇಳುತ್ತಿದ್ದರಂತೆ.

ಸಾಗುವಾನಿಯ ಧೂಳು ಸಾಮಾನ್ಯದ್ದಲ್ಲ. ಗೋಧಿ ಹಿಟ್ಟಿಗಿಂತ ನಯ. ಹಾಲಿನ ಟೀವಿಯ ಮೇಲೆ ಕೂತಿತು, ಕರ್ಟನ್ನಿನಲ್ಲಿ ಕೂತಿತು, ಕೊನೆಗೆ ಶೆಟ್ಟರ ಹೆಂಡತಿ ಪ್ರಫುಲ್ಲಾ ಸಾರಿನಲ್ಲಿಯೂ ಅದರ ರುಚಿ ಕಂಡುಹಿಡಿದರು. ನೀಲಾವತಿ ಕೆಮ್ಮತೊಡಗಿ ಆಗಲೇ ಕೆಲವು ವಾರ ಆಗಿತ್ತು. ಆದರೆ ಧೂಳಿಗೊಂದು ವ್ಯವಸ್ಥೆ ಮಾಡಬೇಕು ಎಂಬ ಮಾತು ಬಂದದ್ದು ಟೀವಿಯ ದೆಸೆಯಿಂದ.

ಮಗಳು ನಿಖಿತಾ ಮದುವೆಯಾಗಿ ಕಾಂದಿವಲಿಯಲ್ಲಿದ್ದಳು. ಅವಳು ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿ, ಅಪ್ಪನನ್ನೂ ಅತ್ತೆ ನೀಲಾವತಿಯನ್ನೂ ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಮಷಿನ್ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಧೂಳು ಎಳೆಯುವ ಮಷಿನುಗಳಲ್ಲಿ ಎರಡು ಬಗೆ ತೋರಿಸಿದ. ಒಂದು, ಎತ್ತರದ ಬಟ್ಟೆ ಚೀಲದ್ದು. ಹೊಟ್ಟನ್ನೆಲ್ಲ ನುಂಗಿ ಚೀಲಕ್ಕೆ ತುಂಬುತ್ತದೆ, ಆದರೆ ಸಣ್ಣ ಧೂಳು ಬಟ್ಟೆಯಿಂದ ಸೋರಿ ಪುನಃ ಕೋಣೆಗೇ ಬರುತ್ತದೆ. ಇನ್ನೊಂದು, ಬಕೆಟಿನಷ್ಟು ದೊಡ್ಡದು. ಉದ್ದ ಪೈಪು, ಒಳಗೆ ಒತ್ತೊತ್ತಾಗಿ ಮಡಿಚಿದ ಕಾಗದದ ಫಿಲ್ಟರು. ಆ ಪೈಪನ್ನು ಸ್ಯಾಂಡಿಂಗ್ ಮಷಿನಿನ ಬಾಲಕ್ಕೆ ಸಿಕ್ಕಿಸಿ, ಕೆಳಗೆ ಕಪ್ಪು ಬಟ್ಟೆ ಹಾಸಿ, ಅವನು ಒಂದು ಹಲಗೆಯನ್ನು ತಿಕ್ಕಿ ತೋರಿಸಿದ. ಬಟ್ಟೆ ಕಪ್ಪಾಗಿಯೇ ಇತ್ತು. ನೀಲಾವತಿ ಅದರ ಮೇಲೆ ಬೆರಳು ಎಳೆದು ನೋಡಿ, ಬೆರಳನ್ನು ಅಣ್ಣನಿಗೆ ತೋರಿಸಿದಳು.

ಶೆಟ್ಟರು ಬೆರಳು ನೋಡಲಿಲ್ಲ. ಅವರಿಗೆ ತಮ್ಮದೇ ಪರೀಕ್ಷೆ ಇತ್ತು. ಹೊಟೇಲಿನಲ್ಲಿ ಪ್ರತಿ ಸೋಮವಾರ ಚಿಮಣಿಯ ಬಾಯಿಗೆ ಒಂದು ತುಂಡು ಪೇಪರು ಹಿಡಿಯುತ್ತಿದ್ದರು. ಕಚ್ಚಿಕೊಂಡರೆ ಎಳೆತ ಸರಿ ಇದೆ ಎಂದು ಲೆಕ್ಕ. ಈಗಲೂ ಕಿಸೆಯಿಂದ ಪೇಪರು ತೆಗೆದು ಪೈಪಿನ ಬಾಯಿಗೆ ಹಿಡಿದರು. ಪೇಪರು ಮುದುಡಿ ಒಳಗೆ ಹೋಗಿ ಸಿಕ್ಕಿಕೊಂಡಿತು.

“ಎಂತದು ಇದು, ಆನೆಯ ಸೊಂಡಿಲಾ?” ಎಂದರು ಶೆಟ್ಟರು. “ಮನೆಯಲ್ಲಿ ಅಷ್ಟು ದೊಡ್ಡ ಚಿಮಣಿ ಉಂಟು. ನೂರು ಜನರ ಒಗ್ಗರಣೆಯ ಹೊಗೆ ಎಳೆದದ್ದು. ಇವಳ ಒಂದು ಹಿಡಿ ಧೂಳು ಅದಕ್ಕೆ ಎಂತ ಲೆಕ್ಕ?”

“ಪಪ್ಪಾ, ಸ್ಮೋಕ್ ಗರಮ್ ಇರ್ತದೆ, ಅದಕ್ಕೆ ಮೇಲೆ ಹೋಗ್ತದೆ,” ಎಂದಳು ನಿಖಿತಾ, ಕನ್ನಡಕ್ಕಾಗಿ ತಡಕಾಡುತ್ತ. “ಡಸ್ಟ್ ಹಾಗಲ್ಲ. ಅದು ಬರುವ ಜಾಗದಲ್ಲೇ ಹಿಡಿಯಬೇಕು. ನಿನ್ನ ಚಿಮಣಿ ಮೇಲಿಂದ ಎಳೆದ್ರೆ ಡಸ್ಟ್ ಪೂರಾ ಅತ್ತೆಯ ಮುಖದ ಸಾಮ್ನೆಯಿಂದ ಹೋಗ್ತದೆ. ಸಮ್ಜೋ ನಾ.”

“ಹೋಗಲಿ. ಹೋಗುವಾಗ ನಿನ್ನ ಅತ್ತೆ ಬಾಯಿ ಮುಚ್ಚಿಕೊಳ್ಳಲಿ.”

ಮಾತು ಅಲ್ಲಿಗೆ ಮುಗಿಯಿತು. ಶೆಟ್ಟರು ಚಿಮಣಿಯನ್ನು ತಿಕ್ಕಿ ತೊಳೆದು ಕೆಲಸದ ಮೇಜಿನ ಮೇಲೆ ತೂಗುಹಾಕಿಸಿದರು, ಅದರ ಹೊಗೆ ಪೈಪನ್ನು ಹಿಂದಿನ ಕಿಟಕಿಯಿಂದ ಹೊರಗೆ ಬಿಟ್ಟರು. ಪೇಪರು ಹಿಡಿದರು. ಟಪ್ಪೆಂದು ಕಚ್ಚಿಕೊಂಡಿತು. ಹೆಂಡತಿಯನ್ನು ಕರೆದು ತೋರಿಸಿದರು, ಪಕ್ಕದ ಫ್ಲ್ಯಾಟಿನ ಮರಾಠಿಯವರನ್ನು ಕರೆದು ತೋರಿಸಿದರು. ಕೋಣೆಯ ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪರದೆಯೂ ಬಂತು. ಮಾರನೆಯ ದಿನದಿಂದ ಟೀವಿಯ ಮೇಲೆ ಧೂಳಿಲ್ಲ. ಪ್ರಫುಲ್ಲಾ ಗಂಡನ ಬುದ್ಧಿವಂತಿಕೆಯನ್ನು ಫೋನಿನಲ್ಲಿ ತವರಿನವರಿಗೆಲ್ಲ ಹೇಳಿದರು.

ಧೂಳು ಎಲ್ಲಿಗೆ ಹೋಯಿತು ಎಂದು ಕೇಳುವವರು ಒಮ್ಮೆ ಮಧ್ಯಾಹ್ನ ಆ ಪರದೆ ಸರಿಸಿ ನೋಡಬೇಕಿತ್ತು. ಮೇಜಿನ ಮೇಲೆ ಬಗ್ಗಿ ನೀಲಾವತಿ ಕಂಬ ತಿಕ್ಕುತ್ತಿದ್ದಾಳೆ. ಕೈಯ ಕೆಳಗಿನಿಂದ ಧೂಳು ಎದ್ದು, ಚಿಮಣಿ ಕರೆದ ಕಡೆಗೆ ನೆಟ್ಟಗೆ ಮೇಲೇರುತ್ತಿದೆ. ನಡುವೆ ಇರುವುದು ಅವಳ ಮುಖ. ಮೂಗಿಗೆ ಹಳೆಯ ಸೀರೆಯ ತುಂಡು ಕಟ್ಟಿಕೊಂಡಿದ್ದಾಳೆ. ಸಂಜೆ ಬಿಚ್ಚಿದರೆ ಅದರ ಒಳಬದಿಯೂ ಕಂದು ಬಣ್ಣ. ಮೇಜು ಚೊಕ್ಕ, ನೆಲ ಚೊಕ್ಕ, ಹಾಲು ಚೊಕ್ಕ. ಅಷ್ಟು ಚೆನ್ನಾಗಿ ಒಂದು ಹೆಂಗಸಿನ ಎದೆಯನ್ನು ಕಸದ ಬುಟ್ಟಿ ಮಾಡಿಕೊಂಡ ಮನೆಯನ್ನು ನಾನಂತೂ ಬೇರೆ ಕಂಡಿಲ್ಲ.

ಕೆಮ್ಮು ಹೆಚ್ಚಿತು. ತಿಕ್ಕುವ ಕೈ ನಡುನಡುವೆ ನಿಲ್ಲತೊಡಗಿತು. ಗಣೇಶ ಚೌತಿಗೆ ಕೊಡಬೇಕಾದ ಮಂಟಪಗಳು ಸಾಲಾಗಿ ಕಾಯುತ್ತಿದ್ದವು.

“ಅಣ್ಣ, ಕಾಂದಿವಲಿಯ ಆ ಪೈಪಿನ ಮಷಿನು ತರುವನಾ?” ಎಂದು ಒಂದು ದಿನ ಕೇಳಿದಳು. “ಈ ಧೂಳಿಗೆ ಉಸಿರೇ ಕಟ್ಟುತ್ತದೆ.”

ಶೆಟ್ಟರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಎಷ್ಟೋ ವರ್ಷಗಳಿಂದ ಅವರಿಗೆ ಸಿಗದಿದ್ದ ಸುಖವೊಂದು ಸಿಕ್ಕಿತು. ಕೆಲಸದವರು, ಕೆಮ್ಮು, ನೆವ. ಚಿಮಣಿಯ ಕೆಳಗೆ ಹೊಟೇಲು ಪುನಃ ಶುರುವಾದ ಹಾಗಾಯಿತು.

“ಆಯ್ತು,” ಎಂದರು. “ನಾಳೆಯಿಂದ ನೀನು ಕೋಣೆಗೆ ಹೋಗಬೇಡ. ಹಾಲಿನಲ್ಲಿ ಕೂತುಕೋ. ಪ್ರಫುಲ್ಲಾ, ಇವಳಿಗೆ ಶುಂಠಿ ಕಷಾಯ ಮಾಡು.”

ನೀಲಾವತಿಗೆ ಅಣ್ಣನ ಹೊಟೇಲಿನ ಪರೀಕ್ಷೆ ಗೊತ್ತಿರಲಿಲ್ಲ. ಅಣ್ಣನಿಗೆ ಕನಿಕರ ಬಂತು ಎಂದುಕೊಂಡಳು. ಎರಡು ದಿನ ಅತ್ತಿಗೆಯ ಕುರ್ಚಿಯ ಪಕ್ಕ ಫ್ಯಾನಿನ ಕೆಳಗೆ ಕೂತಳು. ಮೊದಲ ದಿನ ಕೆಮ್ಮಿದಳು, ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಇಲ್ಲವೇ ಇಲ್ಲ. ಅವಳ ಖುಷಿ ಹೇಳತೀರದು. ತಾನು ಹೇಳಿದ್ದು ಸಾಬೀತಾಯಿತಲ್ಲ! ಅಣ್ಣ ಮಲಗಿ ಏಳುವುದನ್ನೇ ಕಾದಿದ್ದು ತಾನಾಗಿ ಹೋಗಿ ಹೇಳಿದಳು.

“ಅಣ್ಣ, ನೋಡು, ಇವತ್ತು ಒಂದು ಸಲವೂ ಬರಲಿಲ್ಲ. ಪೂರ್ತಿ ನಿಂತಿತು!”

ಶೆಟ್ಟರು ತೊಡೆ ತಟ್ಟಿ ನಕ್ಕರು. “ಪ್ರಫುಲ್ಲಾ, ಬಾ ಇಲ್ಲಿ, ಕೇಳು. ದೂಜನಾದರೂ ಹಿಡಿದ ಮೇಲೆ ಒಪ್ಪಿದ. ಇವಳು ತಾನೇ ಬಂದು ಒಪ್ಪುತ್ತಾಳೆ.”

“ಎಂತ ಒಪ್ಪುವುದು ಅಣ್ಣ?”

“ನಾಟಕ. ನಿಜವಾದ ಕೆಮ್ಮು ಸೋಫಾ ಕಂಡ ಕೂಡಲೇ ಓಡುತ್ತದಾ? ಅದಕ್ಕೆಂತ ಕಾಲು ಉಂಟಾ?”

ನೀಲಾವತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಾನು ಸುಳ್ಳು ಹೇಳುವವಳಲ್ಲ ಅಣ್ಣ. ನಿನಗೆ ಗೊತ್ತುಂಟು,” ಎಂದಳು.

“ಗೊತ್ತಿತ್ತು,” ಎಂದರು ಶೆಟ್ಟರು. “ನಾಳೆ ಕಂಬಗಳು ಆಗಬೇಕು.”

ಈ ಕಥೆಯನ್ನು ಅವರು ಎಷ್ಟು ಜನರಿಗೆ ಹೇಳಿದರೋ ಲೆಕ್ಕವಿಲ್ಲ. ಮಂಟಪ ನೋಡಲು ಬಂದವರಿಗೆ, ಲೋಕಲ್‌ನಲ್ಲಿ ಜೊತೆಗೆ ಕೂತವರಿಗೆ, ಸಂಘದ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರಿಗೆ. “ನಮ್ಮ ನೀಲಾ ದೊಡ್ಡ ಕಲಾವಿದೆ, ಯಕ್ಷಗಾನಕ್ಕೆ ಕಳಿಸಬೇಕು,” ಎಂದು ಮುಗಿಸುತ್ತಿದ್ದರು. ಜನ ನಗುತ್ತಿದ್ದರು. ನೀಲಾವತಿ ಚಹಾ ತಂದರೆ ಬಂದವರು “ಹೇಗುಂಟು ಕಲಾವಿದೆಯ ಕೆಮ್ಮು?” ಎಂದು ತಮಾಷೆ ಮಾಡುತ್ತಿದ್ದರು. ಕೆಮ್ಮು ಅವಳ ಎದೆಯನ್ನು ಹಿಂಡುತ್ತಿತ್ತು, ನಿಜ. ಆದರೆ ಅವಳನ್ನು ತಿಂದದ್ದು ಈ ಮಾತು. ಪ್ರಾಯ ಐವತ್ತು ದಾಟಿದ ಮೇಲೆ, ಇದ್ದ ಒಂದೇ ಒಡವೆಯನ್ನು ಕಿತ್ತುಕೊಂಡು ಮೋರಿಗೆ ಎಸೆದಂತಾಗಿತ್ತು ಅವಳಿಗೆ.

ಸುದ್ದಿ ಕೇಳಿ ನಿಖಿತಾ ಫೋನು ಮಾಡಿ ಕಿರುಚಾಡಿದಳು. “ಪಪ್ಪಾ, ಹಾಲ್‌ನಲ್ಲಿ ಡಸ್ಟ್ ಇಲ್ಲ, ಅದಕ್ಕೇ ನಿಂತದ್ದು! ವಹೀ ತೋ ಪ್ರೂಫ್ ಹೈ!”

“ನೀನು ಎಷ್ಟು ಜನ ಕೆಲಸದವರನ್ನು ಇಟ್ಟಿದ್ದೀ?” ಎಂದು ಕೇಳಿ ಶೆಟ್ಟರು ಫೋನು ಇಟ್ಟರು.

ಆಮೇಲೆ ನಿಖಿತಾ ಅತ್ತೆಗೆ ಗುಟ್ಟಾಗಿ ಒಂದು ಉಪಾಯ ಹೇಳಿಕೊಟ್ಟಳು. ಹಾಲಿನಲ್ಲಿ ಕೂತಾಗಲೂ ಕೆಮ್ಮು, ಪಪ್ಪಾ ನಂಬುತ್ತಾರೆ, ಮಷಿನು ತರುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಉಪಾಯವೇ. ಮಳೆಗಾಲ ಕಳೆದು ಶೆಟ್ಟರು ಎರಡನೇ ಸಲ ಪರೀಕ್ಷೆಗೆ ಕೂರಿಸಿದಾಗ ನೀಲಾವತಿ ಅದನ್ನು ಮಾಡಲು ಹೋದಳು. ಜನ್ಮದಲ್ಲಿ ಮೊದಲ ಸಲ ಸುಳ್ಳು ಮಾಡುವವರ ಕೆಮ್ಮು ಹೇಗಿದ್ದೀತು? ಗಂಟಲು ಕೆರೆದು, ಅಣ್ಣನ ಮುಖ ನೋಡಿ, ಮತ್ತೆ ಗಂಟಲು ಕೆರೆದಳು. ಸುಳ್ಳು ಕೆಮ್ಮುಗಳ ನಡುವೆಯೇ ಕೂದಲು ನರೆಸಿಕೊಂಡವರು ಶೆಟ್ಟರು. ಎರಡನೆಯ ಕೆಮ್ಮಿಗೇ ಪೇಪರಿನಿಂದ ತಲೆ ಎತ್ತಿದರು.

“ಇದು ಗಂಟಲಿನದ್ದು,” ಎಂದರು. “ಎದೆಯಿಂದ ಬರಬೇಕು. ಇನ್ನೂ ಪ್ರಾಕ್ಟೀಸು ಮಾಡು.”

ನೀಲಾವತಿ ಎದ್ದು ತಾನಾಗಿ ಹಿಂದಿನ ಕೋಣೆಗೆ ಹೋಗಿ ತಿಕ್ಕುವ ಮಷಿನು ಶುರು ಮಾಡಿದಳು. ಆ ದಿನದಿಂದ ಅವಳು ಪೈಪಿನ ಮಷಿನು ಬೇಕೆಂದು ಕೇಳಲಿಲ್ಲ. ಕೇಳುವ ಅರ್ಹತೆಯನ್ನೇ ಕಳೆದುಕೊಂಡೆ ಎಂದು ಅವಳಿಗೆ ಅನ್ನಿಸಿತ್ತು. ಒಂದು ಸಲ ಸುಳ್ಳು ಮಾಡಿದ್ದಳಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಮಂಟಪಗಳಿಗೆ ಥಾಣೆ, ಡೊಂಬಿವಲಿಯಿಂದಲೂ ಕೇಳಿಕೆ ಬಂತು. ನೀಲಾವತಿ ಬೆಳಿಗ್ಗೆಯೂ ತಿಕ್ಕತೊಡಗಿದಳು. ಅದಾದ ಕೆಲವು ದಿನಗಳಿಗೆ, ಕೆಲಸವಿಲ್ಲದ ಒಂದು ಭಾನುವಾರ, ಹಾಲಿನಲ್ಲಿ ಹೂ ಕಟ್ಟುತ್ತ ಕೂತಿದ್ದವಳಿಗೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಸೋಮವಾರ ಅವಳನ್ನು ಕೋಣೆಗೆ ಕಳಿಸಲಿಲ್ಲ, ಮಂಗಳವಾರವೂ ಕಳಿಸಲಿಲ್ಲ. ಕಷಾಯ ಕುಡಿದರೂ, ಫ್ಯಾನಿನ ಕೆಳಗೆ ಕೂತರೂ, ಗೋಡೆಗೆ ಒರಗಿದರೂ ಕೆಮ್ಮು ನಿಲ್ಲಲಿಲ್ಲ. ಒಂದು ಮಾತು ಪೂರ್ತಿ ಆಡಲು ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಶೆಟ್ಟರು ಟೀವಿ ಬಂದ್ ಮಾಡಿಸಿ, ಅವಳ ಎದುರು ಕುರ್ಚಿ ಎಳೆದುಕೊಂಡು, ಕಣ್ಣು ಮುಚ್ಚಿ ಕೇಳಿದರು. ಸಂಗೀತ ಕೇಳುವವರ ಹಾಗೆ ಒಮ್ಮೆ ತಲೆಯನ್ನೂ ಆಡಿಸಿದರು. ಆಮೇಲೆ ಕಣ್ಣು ತೆರೆದು ತೀರ್ಪು ಕೊಟ್ಟರು.

“ಇದು ನಿಜವಾದ ಕೆಮ್ಮು.”

ನೀಲಾವತಿಯ ಕಣ್ಣಲ್ಲಿ ನೀರು ಬಂತು. ಸಂಕಟದ ನೀರಲ್ಲ. ಅಣ್ಣ ನಂಬಿದ ಎಂಬ ಸಂತೋಷದ ನೀರು. ಅದನ್ನು ನೋಡಬೇಕಾದ ಗತಿ ನನ್ನ ಶತ್ರುವಿಗೂ ಬೇಡ.

ಮರುದಿನ ಶೆಟ್ಟರೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ನಿಖಿತಾಳೂ ಕಾಂದಿವಲಿಯಿಂದ ಬಂದಳು. ಸಣ್ಣ ಪ್ರಾಯದ ಡಾಕ್ಟರಮ್ಮ ನೀಲಾವತಿಯ ಬಾಯಿಗೆ ಒಂದು ನಳಿಗೆ ಕೊಟ್ಟು ಊದಲು ಹೇಳಿದಳು. “ಜೋರು ಊದು, ನಾಚಿಕೆ ಎಂತದಕ್ಕೆ?” ಎಂದು ಶೆಟ್ಟರು ಹುರಿದುಂಬಿಸಿದರು. ನೀಲಾವತಿ ಮೂರು ಸಲ ಊದಿದಳು, ಮೂರು ಸಲವೂ ಅರ್ಧದಲ್ಲೇ ಕೆಮ್ಮಿದಳು. ಡಾಕ್ಟರಮ್ಮ ಅವಳ ಕೆಲಸದ ಬಗ್ಗೆ ವಿಚಾರಿಸಿ, ಹಿಂದಿಯಲ್ಲಿ ಕೇಳಿದಳು: ಮೊದಮೊದಲು, ಕೆಲಸ ಬಿಟ್ಟ ದಿನಗಳಲ್ಲಿ ಕೆಮ್ಮು ಕಡಿಮೆಯಾಗುತ್ತಿತ್ತೇ?

ನೀಲಾವತಿ ಬಾಯಿ ತೆರೆಯುವ ಮೊದಲೇ ಶೆಟ್ಟರು ಹೇಳಿದರು. ಪೂರ್ತಿ ನಿಲ್ಲುತ್ತಿತ್ತು ಡಾಕ್ಟರ್, ನಾನೇ ಎರಡು ದಿನ ಕೂರಿಸಿ ನೋಡಿದ್ದೆ, ಆವಾಗ ಅದು ನಾಟಕ. ಈಗ ನಿಲ್ಲುವುದಿಲ್ಲ, ಈಗ ನಿಜ. ಸ್ವಂತ ಅನುಭವವನ್ನು ಕಲಿತವರ ಮುಂದೆ ಇಡುವ ಹೆಮ್ಮೆ ಅವರ ದನಿಯಲ್ಲಿತ್ತು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದಳು. “ನಿಲ್ಲುತ್ತಿತ್ತಲ್ಲ, ಆಗ ಕರೆದುಕೊಂಡು ಬರಬೇಕಿತ್ತು,” ಎಂದಳು. “ಆಗ ಧೂಳು ತಪ್ಪಿಸಿದ್ದರೆ ಗುಣವಾಗುತ್ತಿತ್ತು. ಈಗ ಖಾತ್ರಿ ಹೇಳಲಾರೆ. ಧೂಳೇ ಇಲ್ಲದ ಮನೆಯಲ್ಲಿ ಕೆಲವು ತಿಂಗಳು ಇರಲಿ. ಕಡಿಮೆಯಾದರೂ ಆದೀತು.”

ಮನೆಗೆ ಬಂದ ಮೇಲೆ ವಿಷಯವನ್ನೆಲ್ಲ ತಿಳಿದ ಪ್ರಫುಲ್ಲಾ ಇದ್ದಕ್ಕಿದ್ದಂತೆ ಕೇಳಿದರು.

“ಹಾಗಾದರೆ ಆ ದೂಜನದ್ದು?”

“ಅದು ನಾಟಕವೇ,” ಎಂದರು ಶೆಟ್ಟರು.

ಶೆಟ್ಟರು ತಾವು ಕೊಟ್ಟ ತೀರ್ಪಿಗೆ ತಪ್ಪುವವರಲ್ಲ. ಕಾಯಿಲೆ ನಿಜವೆಂದು ಒಪ್ಪಿದ ಮೇಲೆ ಮಷಿನು ತರಲೇಬೇಕು. ಆ ವಾರವೇ ಕಾಂದಿವಲಿಗೆ ಹೋಗಿ, ಪೈಪಿನ ಮಷಿನನ್ನೇ ತಂದರು. ನೀಲಾವತಿ ಇನ್ನು ತಿಕ್ಕುವ ಹಾಗಿರಲಿಲ್ಲವಾದ್ದರಿಂದ ತಾವೇ ನಿಂತು ತಿಕ್ಕಿದರು. ಒಂದು ಕಣ ಮೇಲೇಳಲಿಲ್ಲ. ಸದ್ದೂ ಅಷ್ಟೇನಿಲ್ಲ. ಮೇಜಿನ ಮೇಲೆ ಬೆರಳು ಎಳೆದು, ಬೆರಳು ನೋಡಿಕೊಂಡು, ಪರದೆ ಸರಿಸಿ ಹಾಲಿಗೆ ಬಂದರು.

“ಫಸ್ಟ್ ಕ್ಲಾಸ್ ಮಷಿನು,” ಎಂದರು. “ಮೊದಲೇ ತರಬಹುದಿತ್ತು. ಯಾರೂ ಸರಿಯಾಗಿ ಹೇಳಲಿಲ್ಲ.”

ಹಾಲಿನಲ್ಲಿ ನಿಖಿತಾ ಅತ್ತೆಯ ಬಟ್ಟೆಗಳನ್ನು ಒಂದು ಬ್ಯಾಗಿಗೆ ತುಂಬಿ ಝಿಪ್ ಎಳೆಯುತ್ತಿದ್ದಳು. ಅವಳ ಮನೆ ಹದಿನಾಲ್ಕನೇ ಮಹಡಿಯಲ್ಲಿ. ಗಾಳಿಯೂ ಇತ್ತು, ಖಾಲಿ ಕೋಣೆಯೂ ಇತ್ತು. ಗಂಡನನ್ನು ಒಪ್ಪಿಸಿ ಬಂದಿದ್ದಳು.

“ಅತ್ತೆ, ಚಲೋ. ಆಟೋ ಗೇಟಲ್ಲಿ ಉಂಟು.”

ನೀಲಾವತಿ ಸೋಫಾದಿಂದ ಏಳಲಿಲ್ಲ. ಕೆಮ್ಮಿ, ಉಸಿರು ಸರಿಮಾಡಿಕೊಂಡು ಕೇಳಿದಳು. “ನಿನ್ನ ಮನೆಯಲ್ಲಿ ಧೂಳು ಇಲ್ಲ ಅಲ್ಲವಾ?”

“ಬಿಲ್ಕುಲ್ ಇಲ್ಲ.”

“ಅಲ್ಲಿ ಬಂದು ಇದು ನಿಂತುಬಿಟ್ಟರೆ?”

“ನಿಲ್ಲಲಿ ಅಂತಲೇ ಅಲ್ವಾ ಹೋಗೋದು!”

ನೀಲಾವತಿ ಅಣ್ಣನ ಕಡೆ ನೋಡಿದಳು. ಆಮೇಲೆ ದನಿ ತಗ್ಗಿಸಿ ನಿಖಿತಾಳಿಗೆ ಹೇಳಿದಳು. “ನಿಂತರೆ ಅಣ್ಣ ಪುನಃ ನಾಟಕ ಅಂತ ಹೇಳುವುದಿಲ್ಲವಾ?”

ನಿಖಿತಾ ಬ್ಯಾಗು ಹಿಡಿದೇ ಅಪ್ಪನ ಕಡೆ ತಿರುಗಿದಳು. “ಪಪ್ಪಾ, ಇಲ್ಲ ಅಂತ ಹೇಳು. ಪ್ಲೀಸ್. ಅಷ್ಟೇ ಹೇಳು.”

ಶೆಟ್ಟರು ಯೋಚಿಸಿದರು. ನಿಜವಾಗಿಯೇ ಯೋಚಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳುವವನು ತಾನು ಎಂಬ ಅಭಿಮಾನ ಅವರಿಗೂ ಇತ್ತು. ಅಣ್ಣ ತಂಗಿ ಒಂದೇ ಮನೆಯಲ್ಲಿ ಬೆಳೆದವರು.

“ಮೊದಲು ಹೋಗಲಿ,” ಎಂದರು. “ನಿಲ್ಲುತ್ತದಾ ಇಲ್ಲವಾ ನೋಡುವ. ಮತ್ತೆ ಹೇಳುವ.”

ನೀಲಾವತಿ ಕೈ ಚಾಚಿ ನಿಖಿತಾಳ ಕೈಯಿಂದ ಬ್ಯಾಗು ತೆಗೆದುಕೊಂಡು ಸೋಫಾದ ಕೆಳಗೆ ತಳ್ಳಿದಳು.